ಅಗ್ಗದ ಲೆನ್ಸ್ ಏನನ್ನು ಬಿಟ್ಟುಕೊಟ್ಟಿದೆ?

ಯಕ್ಷಗಾನದ ಫೋಟೊ ತೆಗೆಯಲು ಹೋದ ಮೊದಲ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಕೊಯ್ಲಾದ ಗದ್ದೆಯಲ್ಲಿ ಬಡಗುತಿಟ್ಟಿನ ಆಟ. ಕ್ಯಾಮೆರಾ ಹೊಸದು. ಜೊತೆಗೆ ಡಬ್ಬದಲ್ಲೇ ಬಂದಿದ್ದ 18-55 ಎಂಎಂ ಕಿಟ್ ಲೆನ್ಸ್. ವೇಷ ಮಂಡಿ ತಿರುಗಲು ಶುರುಮಾಡಿತು, ಚಂಡೆ ಏರಿತು, ನಾನು ಒಂದೇ ಸಮನೆ ಬಟನ್ ಒತ್ತಿದೆ. ಬೆಳಿಗ್ಗೆ ಮನೆಯಲ್ಲಿ ಕೂತು ನೋಡಿದರೆ ಕಿರೀಟವೂ ಇಲ್ಲ, ಮುಖವೂ ಇಲ್ಲ. ಕೆಂಪು, ಹಳದಿ ಬಣ್ಣ ಕಲಸಿಟ್ಟ ಹಾಗೆ ಏನೋ ಒಂದು. ಒಳ್ಳೆ ಲೆನ್ಸ್ ತಗೋಬೇಕು ಅಂತ ಅವತ್ತೇ ತೀರ್ಮಾನವಾಯಿತು. ಆದರೆ ಅಂಗಡಿಯಲ್ಲಿ ತೋರಿಸಿದ ‘ಒಳ್ಳೆ ಲೆನ್ಸ್’ನ ಬೆಲೆ ನನ್ನ ಬೈಕಿನ ಬೆಲೆಗಿಂತ ಜಾಸ್ತಿ ಇತ್ತು.

ಆಮೇಲೆ ಕೆಲವು ವರ್ಷ ಅಗ್ಗದ ಲೆನ್ಸ್‌ಗಳ ಜೊತೆಗೇ ಕಳೆದಿದ್ದೇನೆ. ನನಗೆ ಅರ್ಥವಾಗಿದ್ದು ಇಷ್ಟು. ಲೆನ್ಸ್ ತಯಾರಿಸುವವರು ಬೆಲೆ ಇಳಿಸಬೇಕೆಂದರೆ ಯಾವುದಾದರೂ ಒಂದನ್ನು ಬಿಟ್ಟುಕೊಡಲೇಬೇಕು. ಬೆಳಕು ಬಿಡಬಹುದು, ದೂರ ಬಿಡಬಹುದು, ಝೂಮ್ ಬಿಡಬಹುದು, ಆಟೋಫೋಕಸ್ ಮೋಟಾರ್ ಬಿಡಬಹುದು, ಲೋಹದ ಮೈ ಬಿಡಬಹುದು. ಹಾಗಾಗಿ ‘ಈ ಲೆನ್ಸ್ ಚೆನ್ನಾಗಿದೆಯಾ?’ ಅಂತ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ. ಇದು ಏನನ್ನು ಬಿಟ್ಟಿದೆ, ಅದಿಲ್ಲದೆ ನನ್ನ ಕೆಲಸ ನಡೆಯುತ್ತದಾ ಅಂತ ಕೇಳಿಕೊಳ್ಳಬೇಕು.

ಲೆನ್ಸಿನ ಮೂತಿಯ ಮೇಲಿನ ಬರಹ

ಲೆನ್ಸಿನ ಮುಂಭಾಗದಲ್ಲಿ ಎರಡು ಮುಖ್ಯ ಸಂಖ್ಯೆಗಳಿರುತ್ತವೆ. ಮೊದಲನೆಯದು ಎಂಎಂನಲ್ಲಿ ಫೋಕಲ್ ಲೆಂತ್. ಇದು ಕಡಿಮೆ ಇದ್ದರೆ ಇಡೀ ಅಂಗಳ ಫ್ರೇಮಿಗೆ ಬರುತ್ತದೆ. ಜಾಸ್ತಿ ಇದ್ದರೆ ಮರದ ಮೇಲಿನ ಹಕ್ಕಿ ಹತ್ತಿರವಾಗುತ್ತದೆ. ಇದು ಎಲ್ಲರಿಗೂ ಬೇಗ ಅರ್ಥವಾಗುವ ವಿಷಯ.

ತಲೆಕೆಡಿಸುವುದು ಎರಡನೆಯದು, ಎಫ್ ಸಂಖ್ಯೆ. ನಿಜವಾಗಿ ಅದೊಂದು ಸುಲಭದ ಭಾಗಾಕಾರ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. 50 ಎಂಎಂ ಲೆನ್ಸಿನಲ್ಲಿ ಎಫ್/1.8 ಅಂದರೆ ಸುಮಾರು 28 ಮಿಲಿಮೀಟರ್ ಅಗಲದ ಕಿಂಡಿ. ಅದೇ 50ರಲ್ಲಿ ಎಫ್/5.6 ಅಂದರೆ 9 ಮಿಲಿಮೀಟರ್. ಅಗಲ ಮೂರು ಪಟ್ಟು ಹೆಚ್ಚಾದರೆ ಕಿಂಡಿಯ ವಿಸ್ತೀರ್ಣ ಒಂಬತ್ತು, ಹತ್ತು ಪಟ್ಟು ಹೆಚ್ಚುತ್ತದೆ. ಒಳಬರುವ ಬೆಳಕೂ ಅಷ್ಟೇ ಹೆಚ್ಚುತ್ತದೆ.

ನನ್ನ ಯಕ್ಷಗಾನದ ರಾತ್ರಿಗೆ ಈ ಲೆಕ್ಕ ಹಾಕಿ ನೋಡೋಣ. ಕಿಟ್ ಲೆನ್ಸ್ 55 ಎಂಎಂಗೆ ಹೋದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೂ ಶಟರ್, ಅಂದರೆ ಬೆಳಕು ಒಳಬರುವ ಹೊತ್ತು, 1/30 ಸೆಕೆಂಡಿನಲ್ಲಿ ನಿಂತಿತ್ತು. ಅಷ್ಟು ಹೊತ್ತಿನಲ್ಲಿ ಕುಣಿಯುವ ವೇಷ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಅದೇ ಜಾಗದಲ್ಲಿ, ಅದೇ ದೀಪದಲ್ಲಿ, ಅದೇ ಐಎಸ್‌ಒದಲ್ಲಿ ಎಫ್/1.8 ಇದ್ದರೆ ಶಟರ್ ಹೆಚ್ಚುಕಡಿಮೆ 1/300ಕ್ಕೆ ಬರುತ್ತದೆ. ವೇಷದ ಕೈ ಸ್ವಲ್ಪ ಅಲುಗಿದ ಹಾಗೆ ಕಂಡರೂ ಕಣ್ಣು, ಬಣ್ಣಗಾರಿಕೆ, ಕೇದಿಗೆ ಮುಂದಲೆಯ ಸುತ್ತು ಎಲ್ಲ ನಿಚ್ಚಳ.

ಹಕ್ಕಿ ಫೋಟೊದ ಲೆನ್ಸ್‌ಗಳು ಯಾಕೆ ಲಕ್ಷಗಟ್ಟಲೆ ಅನ್ನುವುದಕ್ಕೂ ಇದೇ ಭಾಗಾಕಾರ ಸಾಕು. 300 ಎಂಎಂನಲ್ಲಿ ಎಫ್/2.8 ಬೇಕೆಂದರೆ ಕಿಂಡಿ 107 ಮಿಲಿಮೀಟರ್ ಆಗಬೇಕು. ಮುಂದಿನ ಗಾಜು ಹೆಚ್ಚುಕಡಿಮೆ ಊಟದ ಬಟ್ಟಲಿನ ಅಗಲ. ಎಫ್/5.6 ಸಾಕು ಅಂದರೆ 54ರಲ್ಲಿ ಮುಗಿಯುತ್ತದೆ. ಅಷ್ಟು ದೊಡ್ಡ ಗಾಜನ್ನು ತಪ್ಪಿಲ್ಲದೆ ಉಜ್ಜಿ ಹದಕ್ಕೆ ತರುವುದಕ್ಕೆ ನಾವು ದುಡ್ಡು ಕೊಡುತ್ತೇವೆ.

ಉಳಿದ ಅಕ್ಷರಗಳನ್ನು ಬೇಗ ಮುಗಿಸುತ್ತೇನೆ. ಕೆನಾನ್‌ನವರ ಐಎಸ್, ನಿಕಾನ್‌ನವರ ವಿಆರ್, ಸೋನಿಯ ಒಎಸ್‌ಎಸ್, ಟ್ಯಾಮ್ರಾನ್‌ನ ವಿಸಿ, ಎಲ್ಲವೂ ಒಂದೇ. ಕೈ ನಡುಕವನ್ನು ತಡೆಯುವ ವ್ಯವಸ್ಥೆ. ಇದು ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಮಾತ್ರ ನಿಧಾನವಾಗಿ ಓದಿ. ಬೇಲೂರು ದೇವಸ್ಥಾನದ ನವರಂಗದ ಒಳಗೂ ಕತ್ತಲೆ, ಬಯಲಾಟದಲ್ಲೂ ಕತ್ತಲೆ. ಆದರೆ ಬೇಲೂರಿನ 900 ವರ್ಷದ ಕಂಬ ಕುಣಿಯುವುದಿಲ್ಲ. ಅಲ್ಲಿ ನಡುಗುವುದು ನಮ್ಮ ಕೈ ಮಾತ್ರ, ಅದನ್ನು ಐಎಸ್, ವಿಆರ್ ತಡೆಯುತ್ತವೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು, ಆದ್ದರಿಂದ ಈ ಸೌಲಭ್ಯ ಅಲ್ಲಿ ದೊಡ್ಡ ಉಪಕಾರ. ಸಾಧಾರಣ ಕಿಟ್ ಲೆನ್ಸೇ ಧಾರಾಳ ಸಾಕು. ಬಯಲಾಟದಲ್ಲಿ ಅಲುಗುವುದು ವೇಷ. ಅದನ್ನು ಯಾವ ವಿಆರ್ ಕೂಡ ಹಿಡಿದು ನಿಲ್ಲಿಸುವುದಿಲ್ಲ. ಕತ್ತಲೆ ಒಂದೇ, ಬೇಕಾದ ಲೆನ್ಸ್ ಬೇರೆ ಬೇರೆ.

ಐವತ್ತು ಯಾಕೆ ಅಗ್ಗ

ಯಾರನ್ನು ಕೇಳಿದರೂ ‘ಮೊದಲು 50 ಎಂಎಂ ಎಫ್/1.8 ತಗೊಳ್ಳಿ’ ಅನ್ನುತ್ತಾರೆ. ಹೊಸದೇ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಲೆನ್ಸಿನಲ್ಲಿ ಇಷ್ಟು ದೊಡ್ಡ ಕಿಂಡಿ ಹೇಗೆ ಬಂತು ಅಂತ ನನಗೆ ತುಂಬ ದಿನ ಅನುಮಾನವಿತ್ತು.

ಕಾರಣ ಹಳೆಯದು. 1896ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ಎಂಬಾತ ಪ್ಲಾನಾರ್ ಅನ್ನುವ ಲೆನ್ಸ್ ರೂಪಿಸಿದ. ನಡುವೆ ಕಿಂಡಿ, ಅದರ ಎರಡೂ ಬದಿಗೆ ಹೆಚ್ಚುಕಡಿಮೆ ಕನ್ನಡಿ ಹಿಡಿದ ಹಾಗೆ ಗಾಜುಗಳು. ಇವತ್ತಿನ ಬಹುತೇಕ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) 50 ಎಂಎಂ ಲೆನ್ಸ್‌ಗಳು ಅದೇ ವಂಶದವು. ಕೆನಾನ್‌ನ 50 ಎಫ್/1.8ರಲ್ಲಿ ಇರುವುದು ಬರೀ ಆರು ಗಾಜು. ಇನ್ನೊಂದು ಅನುಕೂಲವೂ ಇದೆ. ಡಿಎಸ್‌ಎಲ್‌ಆರ್ ಒಳಗೆ ಕನ್ನಡಿ ಎದ್ದು ಇಳಿಯಲು ಜಾಗ ಬೇಕು. ಅದಕ್ಕಾಗಿ ಲೆನ್ಸ್ ಕೂರುವ ಮೌಂಟಿನಿಂದ ಚಿತ್ರ ಮೂಡುವ ಸೆನ್ಸರ್‌ಗೆ ಕೆನಾನ್‌ನಲ್ಲಿ 44, ನಿಕಾನ್‌ನಲ್ಲಿ 46.5 ಮಿಲಿಮೀಟರ್ ದೂರ ಇಟ್ಟಿದ್ದಾರೆ. 50 ಎಂಎಂ ಲೆನ್ಸ್ ಈ ಅಂತರಕ್ಕೆ ಸಹಜವಾಗಿ ಹೊಂದುತ್ತದೆ. 24 ಅಥವಾ 18 ಎಂಎಂ ಮಾಡಬೇಕಾದರೆ ಬೆಳಕನ್ನು ಸುತ್ತಿ ಬಳಸಿ ತರಲು ಹೆಚ್ಚುವರಿ ಗಾಜು ಸೇರಿಸಬೇಕು, ಬೆಲೆ ಏರುತ್ತದೆ.

ಹಾಗಾದರೆ 50 ಏನನ್ನು ಬಿಟ್ಟಿದೆ? ಝೂಮ್ ಬಿಟ್ಟಿದೆ. ಹತ್ತಿರ ಬೇಕಾದರೆ ನಾವೇ ನಡೆಯಬೇಕು. ಕೈ ನಡುಕ ತಡೆಯುವ ವ್ಯವಸ್ಥೆಯೂ ಇಲ್ಲ. ಕೆನಾನ್‌ನ 1990ರ ಮಾದರಿಯಲ್ಲಿ ಮೌಂಟ್ ಕೂಡ ಪ್ಲಾಸ್ಟಿಕ್, ಫೋಕಸ್ ಆಗುವಾಗ ಸಣ್ಣ ಮಿಕ್ಸಿಯ ಹಾಗೆ ಸದ್ದು. 2015ರ ಎಸ್‌ಟಿಎಂ (ಹೊಸ ಬಗೆಯ ಮೋಟಾರಿನ) ಮಾದರಿಯಲ್ಲಿ ಲೋಹದ ಮೌಂಟ್ ಬಂತು, ಸದ್ದೂ ಇಳಿಯಿತು. ಪೂರ್ತಿ ತೆರೆದಾಗ ಅಂಚುಗಳು ಸ್ವಲ್ಪ ಮಂಕು. ಮುಖದ ಫೋಟೊ ತೆಗೆಯುವವರಿಗೆ ಅಂಚಿನಲ್ಲಿ ಇರುವುದೇ ಮಸುಕಾದ ಹಿನ್ನೆಲೆ, ಹಾಗಾಗಿ ನಷ್ಟವೇನಿಲ್ಲ.

ಆದರೂ ಎಲ್ಲರಿಗೂ 50 ಅನ್ನುವ ಸಲಹೆಗೆ ನನ್ನ ತಕರಾರಿದೆ. ಅದು ರೀಲು ಕ್ಯಾಮೆರಾ ಕಾಲದ ಮಾತು. ಆರಂಭದ ಬೆಲೆಯ ಕ್ಯಾಮೆರಾಗಳಲ್ಲಿ ಸೆನ್ಸರ್ ಚಿಕ್ಕದು. ಹಳೆಯ ಫಿಲ್ಮ್ 36 x 24 ಮಿಲಿಮೀಟರ್ ಇತ್ತು, ಈಗಿನ ಎಪಿಎಸ್-ಸಿ ಸೆನ್ಸರ್ ಸುಮಾರು 23 x 15. ದೊಡ್ಡ ಮಸಾಲೆ ದೋಸೆಯ ಅಂಚು ತೆಗೆದು ಪಲ್ಯ ಇರುವ ನಡುಭಾಗ ಮಾತ್ರ ತಟ್ಟೆಗೆ ಹಾಕಿದ ಹಾಗೆ. ಇದರಿಂದ 50 ಎಂಎಂ ಲೆನ್ಸ್ ನಿಕಾನ್‌ನಲ್ಲಿ 75ರ ಹಾಗೆ, ಕೆನಾನ್‌ನಲ್ಲಿ 80ರ ಹಾಗೆ ಕಾಣಿಸುತ್ತದೆ. ರಂಗಸ್ಥಳದ ಮುಂದಿನ ಸಾಲಿನಲ್ಲಿ ಕೂತವರಿಗೆ ಇದು ವರ. ಆದರೆ ಮನೆಯ ನಡುಮನೆಯಲ್ಲಿ ಹಬ್ಬದ ದಿನ ನಾಲ್ಕು ಜನರನ್ನು ಒಟ್ಟಿಗೆ ಹಿಡಿಯಲು ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಮನೆ, ಮಕ್ಕಳು, ಬೀದಿ ನಿಮ್ಮ ವಿಷಯವಾದರೆ ನಿಕಾನ್‌ನವರಿಗೆ 2009ರ ಡಿಎಕ್ಸ್ (ಚಿಕ್ಕ ಸೆನ್ಸರಿನ) 35 ಎಂಎಂ ಎಫ್/1.8 ವಾಸಿ. ಕೆನಾನ್‌ನವರಿಗೆ 24 ಎಂಎಂ ಎಫ್/2.8 ಎಸ್‌ಟಿಎಂ ಇದೆ, ಬಿಸ್ಕತ್ತಿನಷ್ಟು ತೆಳ್ಳಗೆ. ಬೆಳಕು ಸ್ವಲ್ಪ ಕಡಿಮೆ, ಆದರೆ ಜೇಬಿಗೆ ಹೋಗುತ್ತದೆ.

ಯಾವುದು ಬೇಕೆಂದು ತಿಳಿಯಲು ದುಡ್ಡು ಖರ್ಚು ಮಾಡಬೇಕಿಲ್ಲ. ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ ಒಂದು ಟೇಪ್ ಅಂಟಿಸಿ. ಒಂದು ವಾರ ಹಾಗೇ ಫೋಟೊ ತೆಗೆಯಿರಿ. ಮುಂದಿನ ವಾರ 50. ಇನ್ನೊಂದು ದಾರಿ, ಈಗಾಗಲೇ ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ಅವುಗಳ ಮಾಹಿತಿಯಲ್ಲಿ ಫೋಕಲ್ ಲೆಂತ್ ನೋಡುವುದು. ನಾನು ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು 55ರಲ್ಲೇ ಇದ್ದವು. ನನಗೆ ಬೇಕಿದ್ದದ್ದು ಏನು ಅಂತ ನನ್ನ ಕೈಗೆ ಮೊದಲೇ ಗೊತ್ತಿತ್ತು.

ಹಗಲಿನ ಹಕ್ಕಿಗೆ ಎಫ್/5.6 ಸಾಕು

ದೂರದ ಲೆನ್ಸ್ ಅಗ್ಗಕ್ಕೆ ಬೇಕೆಂದರೆ ಬೆಳಕನ್ನು ಬಿಟ್ಟುಕೊಡಬೇಕು. ಕೆನಾನ್‌ನ 55-250 ಎಸ್‌ಟಿಎಂ, ನಿಕಾನ್‌ನ 70-300 ಡಿಎಕ್ಸ್ ಇಂಥವು. ತುದಿಯಲ್ಲಿ ಎಫ್/5.6 ಅಥವಾ 6.3. ಬೆಳಗಿನ ಬಿಸಿಲಿನಲ್ಲಿ ಈ ಕೊರತೆಯನ್ನು ಸೂರ್ಯ ತುಂಬಿಕೊಡುತ್ತಾನೆ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಇಂಥ ಕಡೆ 250 ಎಂಎಂ ಧಾರಾಳ. ಮಲೆನಾಡಿನ ದಟ್ಟ ಕಾಡಿನ ಕತ್ತಲಲ್ಲಿ ಸಣ್ಣ ಹಕ್ಕಿ ಹಿಡಿಯಬೇಕೆಂದರೆ ಇದೇ ಲೆನ್ಸ್ ಸೋಲುತ್ತದೆ.

ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲದ 70-300ಗಳು ಇನ್ನೂ ಅಗ್ಗ. ತೆಗೆದುಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ. 300 ಎಂಎಂ, ಚಿಕ್ಕ ಸೆನ್ಸರ್ ಅಂದರೆ 450ರ ಹಾಗೆ. ಕೈಯಲ್ಲಿ ಹಿಡಿದು ತೆಗೆಯಲು ಶಟರ್ ಹೆಚ್ಚುಕಡಿಮೆ ಆ ಸಂಖ್ಯೆಯ ಲೆಕ್ಕದಲ್ಲೇ, ಅಂದರೆ 1/500 ಅಥವಾ ಇನ್ನೂ ವೇಗವಾಗಿ ಇರಬೇಕು. ಮೋಡ ಕವಿದ ದಿನ ಇದು ಕಷ್ಟ. ಟೆಲಿ (ದೂರದ) ಲೆನ್ಸಿನಲ್ಲಿ ಬಿಡಲೇಬಾರದ ಒಂದು ಸೌಲಭ್ಯ ಅಂದರೆ ನನ್ನ ಪ್ರಕಾರ ಈ ನಡುಕ ತಡೆಯುವ ವ್ಯವಸ್ಥೆಯೇ.

18-300ರಂಥ ‘ಎಲ್ಲದಕ್ಕೂ ಒಂದೇ’ ಲೆನ್ಸ್‌ಗಳು ನನಗೆ ಹಿಡಿಸಿಲ್ಲ. ಪ್ರವಾಸಕ್ಕೆ ಸರಿ, ಆದರೆ ಅವು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟಿರುತ್ತವೆ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ‘ವೈಡ್’, ‘ಟೆಲಿ’ ಅಂತ ಮಾರುವ ಅಗ್ಗದ ಗಾಜುಗಳನ್ನು ಮುಟ್ಟಲೇಬೇಡಿ.

ಮೋಟಾರ್ ಎಲ್ಲಿದೆ?

ಬೆಲೆ ಕಡಿಮೆ ಅಂತ ಖುಷಿಪಟ್ಟು ಮನೆಗೆ ತಂದು, ಕ್ಯಾಮೆರಾಗೆ ಹಾಕಿ, ‘ಫೋಕಸ್ಸೇ ಆಗ್ತಿಲ್ಲ’ ಅಂತ ಮುಖ ಸಪ್ಪಗೆ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಲೆನ್ಸ್ ಕೆಟ್ಟಿರಲಿಲ್ಲ. ನಾನು ಓದಿಕೊಂಡಿರಲಿಲ್ಲ.

ನಿಕಾನ್‌ನ ಹಳೆಯ ‘ಎಎಫ್-ಡಿ’ ಲೆನ್ಸ್‌ಗಳಲ್ಲಿ ಮೋಟಾರ್ ಇಲ್ಲ. ಕ್ಯಾಮೆರಾದ ಒಳಗಿನ ಮೋಟಾರ್ ಒಂದು ಸಣ್ಣ ಸ್ಕ್ರೂ ತಿರುಗಿಸಿ ಅವನ್ನು ಫೋಕಸ್ ಮಾಡುತ್ತದೆ. ಡಿ90, ಡಿ7000 ಥರದ ಬಾಡಿಗಳಲ್ಲಿ ಆ ಮೋಟಾರ್ ಇದೆ. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಇಲ್ಲ. ಅವುಗಳಿಗೆ ‘ಎಎಫ್-ಎಸ್’ ಥರದ, ಒಳಗೇ ಮೋಟಾರ್ ಇರುವ ಲೆನ್ಸೇ ಬೇಕು. ‘ಎಎಫ್-ಪಿ’ ಅನ್ನುವ ಹೊಸ ಬಗೆಯದು ಡಿ3100, ಡಿ5100ರಂಥ ಹಳೆಯ ಬಾಡಿಗಳಲ್ಲಿ ಕೆಲಸ ಮಾಡುವುದಿಲ್ಲ. ಕೆನಾನ್‌ನಲ್ಲಿ ಈ ತಾಪತ್ರಯವಿಲ್ಲ. 1987ರಲ್ಲಿ ಇಎಫ್ ಮೌಂಟ್ ತಂದಾಗಲೇ ಅವರು ಮೋಟಾರನ್ನು ಲೆನ್ಸಿನೊಳಗೇ ಇಟ್ಟರು. ಅಲ್ಲಿ ನೋಡಬೇಕಾದ್ದು ಒಂದೇ: ಚಿಕ್ಕ ಸೆನ್ಸರ್‌ಗೆಂದು ಮಾಡಿದ ‘ಇಎಫ್-ಎಸ್’ ಲೆನ್ಸ್ ಫುಲ್ ಫ್ರೇಮ್ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಂಡವರಿಗೂ ಇದು ಬೇಕಾದ ವಿಷಯ. 2018ರಲ್ಲಿ ಕೆನಾನ್ ಆರ್‌ಎಫ್, ನಿಕಾನ್ ಝಡ್ ಮೌಂಟ್‌ಗಳು ಬಂದ ಮೇಲೆ ಜನ ಹಳೆಯ ಲೆನ್ಸ್‌ಗಳನ್ನು ಮಾರುತ್ತಿದ್ದಾರೆ. ಕೆನಾನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್ ಲೆನ್ಸ್ ಫೋಕಸ್ ಆಗುತ್ತದೆ, ಎಎಫ್-ಡಿ ಆಗುವುದಿಲ್ಲ. ಮತ್ತೆ ಅದೇ ಮೋಟಾರ್ ಕತೆ.

ಆಟೋಫೋಕಸ್ಸೇ ಬೇಡ ಅನ್ನುವವರಿಗೆ ಆಯ್ಕೆ ದೊಡ್ಡದು. ಚೀನಾದ ಟಿಟಿಆರ್ಟಿಸಾನ್, 7ಆರ್ಟಿಸಾನ್ಸ್ ಕಂಪನಿಗಳು ಮಿರರ್‌ಲೆಸ್ ಬಾಡಿಗಳಿಗೆ ಲೋಹದ ಮೈಯ 35 ಎಂಎಂ ಮ್ಯಾನುವಲ್ ಲೆನ್ಸ್‌ಗಳನ್ನು ಮಾಡುತ್ತವೆ. ಸೋವಿಯತ್ ಕಾಲದ ಹೀಲಿಯೋಸ್ 44-2, 58 ಎಂಎಂ ಎಫ್/2, ಹಿನ್ನೆಲೆಯ ಎಲೆಗಳನ್ನು ಸುಳಿಯ ಹಾಗೆ ಸುತ್ತಿಸುತ್ತದೆ ಅಂತಲೇ ಪ್ರಸಿದ್ಧ. ಅದು ಎಂ42 ಅನ್ನುವ ತಿರುಪಿನ ಮೌಂಟ್. ಮೌಂಟಿನಿಂದ ಸೆನ್ಸರ್‌ಗೆ ಅದಕ್ಕೆ ಬೇಕಾದ ಅಂತರ 45.46 ಮಿಲಿಮೀಟರ್. ಕೆನಾನ್‌ನ 44ಕ್ಕಿಂತ ಜಾಸ್ತಿ, ಆದ್ದರಿಂದ ತೆಳುವಾದ ಉಂಗುರ ಸಾಕು. ನಿಕಾನ್‌ನ 46.5ಕ್ಕಿಂತ ಕಡಿಮೆ, ಆದ್ದರಿಂದ ಬರೀ ಉಂಗುರ ಹಾಕಿದರೆ ದೂರದ ಬೆಟ್ಟ ಫೋಕಸ್‌ಗೆ ಬರುವುದಿಲ್ಲ. ಮಿರರ್‌ಲೆಸ್‌ನಲ್ಲಿ ಈ ಅಂತರ ಬರೀ 16ರಿಂದ 20. ಯಾವ ಕಾಲದ ಲೆನ್ಸ್ ಬೇಕಾದರೂ ಕೂರಿಸಬಹುದು ಅನ್ನಿ.

ನನ್ನ ಆ ಫೋಕಸ್ ಆಗದ ಲೆನ್ಸ್ ಏನಾಯಿತು ಅಂತ ಹೇಳಬೇಕಲ್ವಾ? ಅದಕ್ಕೆ ಅಪರ್ಚರ್ ರಿಂಗ್, ಅಂದರೆ ಕಿಂಡಿಯ ಅಳತೆಯನ್ನು ಕೈಯಲ್ಲೇ ತಿರುಗಿಸಿ ಬದಲಿಸುವ ಬಳೆ, ಇತ್ತು. ಕೆಲವು ನೂರು ರೂಪಾಯಿಯ ರಿವರ್ಸ್ ರಿಂಗ್ ತಂದು ಲೆನ್ಸನ್ನು ಹಿಂದುಮುಂದಾಗಿ ಹಾಕಿದೆ. ಮಳೆ ನಿಂತ ಮೇಲೆ ಕೆಸುವಿನ ಎಲೆಯ ಮೇಲೆ ಕೂತ ನೊಣದ ಕಣ್ಣು ಕಾಣಿಸಿತು! 50 ಎಂಎಂ ಲೆನ್ಸನ್ನು ತಿರುಗಿಸಿ ಹಾಕಿದರೆ ವಸ್ತು ಸೆನ್ಸರ್ ಮೇಲೆ ಹೆಚ್ಚುಕಡಿಮೆ ತನ್ನ ನಿಜ ಗಾತ್ರದಲ್ಲೇ ಮೂಡುತ್ತದೆ. ಫೋಕಸ್ ಮಾಡಲು ನಾವೇ ಹಿಂದೆ ಮುಂದೆ ಅಲುಗಬೇಕು, ಅದಕ್ಕೆ ಮೋಟಾರ್ ಇದ್ದರೂ ಪ್ರಯೋಜನವಿಲ್ಲ. ಅಪರ್ಚರ್ ರಿಂಗ್ ಇಲ್ಲದ ಕೆನಾನ್ ಲೆನ್ಸ್ ಇರುವವರು ಎಫ್/8 ಇಟ್ಟು, ಡೆಪ್ತ್ ಪ್ರಿವ್ಯೂ ಬಟನ್ (ಕಿಂಡಿಯನ್ನು ಇಟ್ಟ ಅಳತೆಗೆ ಮುಚ್ಚಿ ತೋರಿಸುವ ಬಟನ್) ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಬೇಕು. ಕಿಂಡಿ ಆ ಅಳತೆಯಲ್ಲೇ ನಿಲ್ಲುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದು ಟಾರ್ಚ್, ಒಂದು ದಿನಪತ್ರಿಕೆ

ಟಾರ್ಚ್ ಫಂಗಸ್ ನೋಡಲು. ಕಿಂಡಿ ಪೂರ್ತಿ ತೆರೆದು, ಒಂದು ಬದಿಯಿಂದ ಬೆಳಕು ಬಿಟ್ಟು, ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಧೂಳಿನ ಕಣಗಳು ಕಂಡರೆ ಚಿಂತೆಯಿಲ್ಲ. ಜೇಡನ ಬಲೆಯ ಹಾಗೆ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು. ಅದು ಹೊರಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಹಾಲು ಬೆರೆಸಿದ ಹಾಗೆ ಮಂಜು ಕಂಡರೂ ಬೇಡ. ಮುಂದಿನ ಗಾಜಿನ ಸಣ್ಣ ಗೀರು ಫೋಟೊದಲ್ಲಿ ಕಾಣುವುದೇ ಅಪರೂಪ, ಬೆಲೆ ಇಳಿಸಲು ಒಳ್ಳೆ ನೆಪ. ಹಿಂದಿನ ಗಾಜಿನ ಗೀರು ಹಾಗಲ್ಲ. ಕಿಂಡಿಯ ಎಸಳುಗಳ ಮೇಲೆ ಎಣ್ಣೆ ಇದೆಯಾ, ಸ್ಕ್ರೂಗಳ ತಲೆ ಸವೆದಿದೆಯಾ ನೋಡಿ. ಸವೆದಿದ್ದರೆ ಯಾರೋ ಒಮ್ಮೆ ಬಿಚ್ಚಿದ್ದಾರೆ ಅಂತ ಅರ್ಥ.

ದಿನಪತ್ರಿಕೆ ಗೋಡೆಗೆ ಅಂಟಿಸಲು. ಹಾಳೆ ಪೂರ್ತಿ ಫ್ರೇಮಿಗೆ ಬರುವಂತೆ, ನೇರವಾಗಿ ನಿಂತು, ಟ್ರೈಪಾಡ್ ಮೇಲೆ ಎರಡು ಫೋಟೊ. ಒಂದು ಪೂರ್ತಿ ತೆರೆದು, ಇನ್ನೊಂದು ಎಫ್/8ರಲ್ಲಿ. ಕನ್ನಡ ಪತ್ರಿಕೆ ಇದಕ್ಕೆ ಹೇಳಿ ಮಾಡಿಸಿದ್ದು. ಮೂಲೆಗಳನ್ನು ದೊಡ್ಡದು ಮಾಡಿ ಒತ್ತಕ್ಷರ ಓದಲು ಬರುತ್ತದಾ ನೋಡಿ. ತೆರೆದಾಗ ನಾಲ್ಕೂ ಮೂಲೆ ಸ್ವಲ್ಪ ಮಂಕಾಗಿದ್ದರೆ ಸಹಜ. ಒಂದೇ ಮೂಲೆ ಹಾಳಾಗಿದ್ದರೆ ಒಳಗಿನ ಗಾಜು ವಾಲಿದೆ, ಬಹುಶಃ ಕೆಳಗೆ ಬಿದ್ದಿದೆ. ಬಿಟ್ಟುಬಿಡಿ. ಎಫ್/8ರ ಫೋಟೊ ನೋಡಿದಾಗ ಇನ್ನೊಂದು ವಿಷಯ ಗಮನಕ್ಕೆ ಬರುತ್ತದೆ. ಆ ಅಳತೆಯಲ್ಲಿ ಅಗ್ಗದ ಲೆನ್ಸಿಗೂ ದುಬಾರಿ ಲೆನ್ಸಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ಬೆಟ್ಟ, ಜಲಪಾತ, ದೇವಸ್ಥಾನದ ಹೊರಗೋಡೆ ತೆಗೆಯುವವರು ಹೆಚ್ಚಾಗಿ ಅಲ್ಲೇ ಇರುತ್ತಾರೆ, ಅವರಿಗೆ ಎಫ್/1.8ರ ಹಂಬಲ ಯಾಕೆ?

ಉಳಿದ ದುಡ್ಡಿನಲ್ಲಿ ಅಂಗಡಿಯವರು ಯುವಿ ಫಿಲ್ಟರ್ ಕೊಡಲು ಬರುತ್ತಾರೆ. ಅಗ್ಗದ ಫಿಲ್ಟರ್ ಅಂದರೆ ಒಳ್ಳೆ ಗಾಜಿನ ಮುಂದೆ ಕಿಟಕಿ ಗಾಜು ಇಟ್ಟ ಹಾಗೆ. ಆಟದ ದೀಪಗಳೆಲ್ಲ ಫೋಟೊದಲ್ಲಿ ಎರಡೆರಡು ಕಾಣುತ್ತವೆ. ಅದರ ಬದಲು ಒಂದು ಹುಡ್ (ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಮರೆ) ಮತ್ತು ಗಾಳಿ ಆಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ.

ಡಬ್ಬ ಯಾಕೆಂದರೆ ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ. ಗಾಳಿಯ ತೇವ ಶೇಕಡಾ 60 ದಾಟಿದರೆ ಬೂಷ್ಟಿಗೆ ಹಬ್ಬ. ಚರ್ಮದ ಚೀಲದೊಳಗೆ, ಕತ್ತಲೆ ಬೀರುವಿನಲ್ಲಿ ಎರಡು ತಿಂಗಳು ಇಟ್ಟ ಲೆನ್ಸ್ ಶ್ರಾವಣದ ಹೊತ್ತಿಗೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಡಬ್ಬದೊಳಗೆ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಅಕ್ಕಿಯಲ್ಲಿ ಹೂತಿಡುವ ಉಪಾಯ ಬೇಡ, ಅದರ ಹುಡಿ ಲೆನ್ಸಿನೊಳಗೆ ಸೇರುತ್ತದೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಅಡುಗೆಯ ಬಾಣಲೆ ಮಾತ್ರ ಬಳಸಬೇಡಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಹೊಟ್ಟೆಗೆ ಹೋಗಬಾರದು. ನಮ್ಮ ಮನೆಯಲ್ಲಿ ಇದಕ್ಕೆಂದೇ ಹಿಡಿ ಮುರಿದ ಒಂದು ಹಳೆಯ ಕಾವಲಿ ಇದೆ.